ಬಿರುಕು ಬಿಟ್ಟದ್ದು ಬಿಸಿಗೆ, ಒಡೆದದ್ದು ವೇಗಕ್ಕೆ: ಆಫ್‌ರೋಡ್ ವಾಹನದ ಬದಲಿ ಫ್ಲೈವೀಲ್, ಒಂದು ಪ್ರಕರಣ ಅಧ್ಯಯನ

ಫ್ಲೈವೀಲ್ ಮೂರು ತುಂಡಾಗಿತ್ತು. ಎಂಜಿನ್ನಿನ ಕ್ರ್ಯಾಂಕ್ ದಂಡದ ತುದಿಗೆ ಕೂರಿಸಿದ ಭಾರದ ತಟ್ಟೆ ಅದು, ಕ್ಲಚ್ ಉಜ್ಜುವುದು ಅದರ ಮುಖಕ್ಕೆ. ಬೆಲ್ ಹೌಸಿಂಗ್‌ನ ಮೇಲ್ಭಾಗ ಒಡೆದು ಹೋಗಿತ್ತು, ಸ್ಟಾರ್ಟರ್ ಮೋಟರ್ ಬುಡಸಮೇತ ಕಿತ್ತು ಬಂದಿತ್ತು, ಗೇರ್‌ಬಾಕ್ಸ್ ಮೇಲಿನ ತಗಡು ಕ್ಯಾಬಿನ್ನಿನ ಒಳಕ್ಕೆ ಉಬ್ಬಿತ್ತು. ಒಳಗೆ ಕೂತಿದ್ದವರಿಗೆ ಏನೂ ಆಗಲಿಲ್ಲ ಎಂಬುದು ಅದೃಷ್ಟವೇ ಹೊರತು ವಿನ್ಯಾಸದ ಗುಣವಲ್ಲ. ಅಲ್ಯೂಮಿನಿಯಂ ಬೆಲ್ ಹೌಸಿಂಗ್ ಇರುವುದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೋಡಿಸಿ ಹಿಡಿಯುವುದಕ್ಕೆ, ಒಡೆದು ಹಾರುವ ತುಂಡುಗಳನ್ನು ತಡೆಯುವುದಕ್ಕಲ್ಲ.

ವಾಹನ ಬಂಡೆ, ಕೆಸರು, ಹಳ್ಳ ಹತ್ತಿಳಿಯುವುದಕ್ಕೆಂದೇ ತಯಾರು ಮಾಡಿದ ಫೋರ್ ವೀಲ್ ಡ್ರೈವ್. ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್, ಗರಿಷ್ಠ ಟಾರ್ಕ್ 320 ನ್ಯೂಟನ್ ಮೀಟರ್, ಗವರ್ನರ್ ಕಟ್ಟಿಹಾಕುವ ವೇಗ 4,500 ಆರ್‌ಪಿಎಂ. ಫ್ಲೈವೀಲ್ ಬೀಡು ಕಬ್ಬಿಣದ್ದು, ಮಾಮೂಲಿ ಗ್ರೇ ಕಾಸ್ಟ್ ಐರನ್. ಸ್ಟಾರ್ಟರ್ ಕಚ್ಚುವ ಹಲ್ಲಿನ ಬಳೆ, ಅಂದರೆ ರಿಂಗ್ ಗೇರ್ ಸೇರಿ ಸುಮಾರು 300 ಮಿ.ಮೀ. ವ್ಯಾಸ, 28 ಮಿ.ಮೀ. ದಪ್ಪ, ಹದಿನಾಲ್ಕು ಕೆ.ಜಿ. ಚಿಲ್ಲರೆ ತೂಕ. ಮಾಲೀಕರ ಬೇಡಿಕೆ ಸರಳವಾಗಿತ್ತು: ಇನ್ನೊಮ್ಮೆ ಒಡೆಯದಂಥ ಫ್ಲೈವೀಲ್ ಬೇಕು. ಅವರ ಮೆಕ್ಯಾನಿಕ್ ಪರಿಹಾರವನ್ನೂ ಜೊತೆಗೇ ತಂದಿದ್ದರು. "ಸಾರ್, ಉಕ್ಕಲ್ಲಿ ಮಾಡಿ, ಹತ್ತು ಮಿಲಿಮೀಟರ್ ದಪ್ಪ ಜಾಸ್ತಿ ಕೊಡಿ. ಭಾರ ಇದ್ರೆ ಬಂಡೆ ಮೇಲೆ ಬಂದ್ ಬೀಳೋದೂ ಇಲ್ಲ."

ಇದರಲ್ಲಿ ಅರ್ಧ ಸರಿ. ಯಾವ ಅರ್ಧ ಎಂದು ತಿಳಿಯಬೇಕಾದರೆ ಮೊದಲು ಒಡೆದ ತುಂಡುಗಳನ್ನು ಓದಬೇಕಿತ್ತು.

ತುಂಡುಗಳು ಹೇಳಿದ್ದು

ಬೀಡು ಕಬ್ಬಿಣದ ಒಡಕು ಉಕ್ಕಿನ ಒಡಕಿನಂತೆ ತನ್ನ ಕಥೆ ಬಿಚ್ಚಿಡುವುದಿಲ್ಲ. ಉಕ್ಕಿನಲ್ಲಿ ಬಿರುಕು ದಿನದಿನಕ್ಕೂ ಮುಂದುವರಿದ ಗುರುತು ಅಲೆ ಅಲೆಯಾಗಿ ಉಳಿಯುತ್ತದೆ. ಬೀಡಿನ ಒಳಗೆಲ್ಲ ಗ್ರಾಫೈಟ್ ಪದರಗಳು ಹರಡಿರುವುದರಿಂದ ಆ ಅಲೆಗಳು ಕಾಣುವುದೇ ಅಪರೂಪ. ಆದರೆ ಬಣ್ಣ ಸುಳ್ಳು ಹೇಳುವುದಿಲ್ಲ. ಮೂರು ಒಡಕುಗಳಲ್ಲಿ ಎರಡು ಆಗತಾನೆ ಮುರಿದ ಬೂದು ಬಣ್ಣದವು, ಹರಳು ಹರಳಾಗಿ ಹೊಳೆಯುತ್ತಿದ್ದವು. ಮೂರನೆಯದು ನಡುವಿನ ರಂಧ್ರದಿಂದ ಹೊರಟು, ಒಂದು ಬೋಲ್ಟ್ ತೂತನ್ನು ಹಾದು, ಕ್ಲಚ್ ಉಜ್ಜುವ ಮುಖದ ಒಳ ಅಂಚಿನವರೆಗೆ ಕಂದು ಬಣ್ಣಕ್ಕೆ ತಿರುಗಿತ್ತು. ಹತ್ತಿಬಟ್ಟೆಯಲ್ಲಿ ಒರೆಸಿದರೆ ಕಪ್ಪು ಪುಡಿ ಅಂಟುತ್ತಿತ್ತು, ಕ್ಲಚ್ ಪ್ಲೇಟ್ ಸವೆದ ಪುಡಿ. ಅಂದರೆ ಆ 50 ಮಿ.ಮೀ.ನಷ್ಟು ಬಿರುಕು ಅವತ್ತಿನದಲ್ಲ. ಗಾಳಿ, ನೀರು, ಧೂಳು ಒಳಹೊಕ್ಕು ತುಕ್ಕು ಹಿಡಿಯುವಷ್ಟು ಕಾಲ ಅದು ಬಾಯಿಬಿಟ್ಟುಕೊಂಡೇ ತಿರುಗಿತ್ತು.

ಕ್ಲಚ್ ಮುಖದ ಮೇಲೆ ಇನ್ನೆರಡು ಸಾಕ್ಷಿಗಳಿದ್ದವು. ಒಂದು, ಕೇಂದ್ರದಿಂದ ಹೊರಕ್ಕೆ ಕೂದಲೆಳೆಯಂತೆ ಹರಡಿದ ಸಣ್ಣ ಬಿರುಕುಗಳ ಸಾಲು. ಇನ್ನೊಂದು, ಅಲ್ಲಲ್ಲಿ ನೀಲಿ ಕಲೆಗಳು, ಕೆಲವುದರ ನಡುವೆ ಬೆರಳಿಗೆ ಸಿಗುವಷ್ಟು ಉಬ್ಬು. ಫೈಲ್ ಹಾಕಿದರೆ ಸುತ್ತಲಿನ ಲೋಹ ಸವೆಯುತ್ತದೆ, ಆ ಉಬ್ಬಿನ ಮೇಲೆ ಮಾತ್ರ ಫೈಲ್ ಜಾರುತ್ತದೆ. ಆ ಚುಕ್ಕೆಗಳು ಒಮ್ಮೆ 730 ಡಿಗ್ರಿಗೂ ಮೇಲೆ ಕಾದು, ಹಿಂದಿದ್ದ ತಣ್ಣನೆಯ ಲೋಹ ಬಿಸಿಯನ್ನು ಸರಕ್ಕನೆ ಎಳೆದುಕೊಂಡಾಗ ಮಾರ್ಟೆನ್‌ಸೈಟ್ ಆಗಿ ಗಡುಸಾಗಿದ್ದವು. ಕುಲುಮೆಯಲ್ಲಿ ಕಾಯಿಸಿ ನೀರಿಗದ್ದಿದಂತೆ, ಆದರೆ ಯಾರೂ ಕೇಳಿಕೊಳ್ಳದ ಕಡೆ.

ಬಿರುಕು ಬೋಲ್ಟ್ ತೂತಿನಲ್ಲಿ ಹುಟ್ಟಿ ಹೊರಕ್ಕೆ ಬಂತೋ, ಕ್ಲಚ್ ಮುಖದಲ್ಲಿ ಹುಟ್ಟಿ ಒಳಕ್ಕೆ ಹೋಯಿತೋ? ಮುಖದ ಕಡೆ ಅಗಲವಾಗಿ, ಹೆಚ್ಚು ಕಪ್ಪಾಗಿ, ಎಂಜಿನ್ ಕಡೆಗೆ ಹೋದಂತೆ ಕಿರಿದಾಗಿ ತಿಳಿಯಾಗಿತ್ತು. ಹುಟ್ಟಿದ್ದು ಮುಖದಲ್ಲೇ.

ಇಳಿಜಾರಿನ ಲೆಕ್ಕ

ಹಾಗಾದರೆ ಅವತ್ತೇ ಯಾಕೆ ಒಡೆಯಿತು? ಚಾಲಕರು ಹೇಳಿದ್ದಿಷ್ಟು: ಲೋ ರೇಂಜ್ (ಚಕ್ರಗಳನ್ನು ಇನ್ನೂ ನಿಧಾನ ತಿರುಗಿಸುವ ಹೆಚ್ಚುವರಿ ಗೇರು), ಮೊದಲ ಗೇರು, ಕಡಿದಾದ ಇಳಿಜಾರು. ಮಧ್ಯೆ ಎಂಜಿನ್ ಗೊರಗುಟ್ಟಿತೆಂದು ಕ್ಲಚ್ ಒತ್ತಿದರು, ವಾಹನ ಜಾರಿ ವೇಗ ಹಿಡಿಯಿತು, ಹೆದರಿ ಕ್ಲಚ್ ಬಿಟ್ಟರು. "ಡಬ್ ಅಂತು, ಅಷ್ಟೆ."

ಈ ವಾಹನದ ಮೊದಲ ಗೇರಿನ ಅನುಪಾತ 4.3, ಲೋ ರೇಂಜ್ 2.5, ಆಕ್ಸಲ್ 4.1. ಮೂರನ್ನೂ ಗುಣಿಸಿದರೆ 44. ಚಕ್ರ ಒಂದು ಸುತ್ತು ಸುತ್ತಿದರೆ ಎಂಜಿನ್ 44 ಸುತ್ತು. ಟೈರಿನ ತ್ರಿಜ್ಯ 0.37 ಮೀಟರ್ ಇಟ್ಟುಕೊಂಡರೆ, 4,500 ಆರ್‌ಪಿಎಂಗೆ ವಾಹನದ ವೇಗ ಗಂಟೆಗೆ ಬರೀ 14 ಕಿ.ಮೀ. ಇಳಿಜಾರಿನಲ್ಲಿ ಅದು 22 ಕಿ.ಮೀ. ಮುಟ್ಟಿದ್ದರೆ, ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಸುಮಾರು 7,000 ಆರ್‌ಪಿಎಂಗೆ ಎಳೆಯಲ್ಪಡುತ್ತದೆ. ಗವರ್ನರ್ ಇಲ್ಲಿ ಅಸಹಾಯಕ. ಅದು ಡೀಸೆಲ್ ನಿಲ್ಲಿಸಬಲ್ಲದು, ಚಕ್ರಗಳು ಹಿಂದಿನಿಂದ ತಿರುಗಿಸುವುದನ್ನು ನಿಲ್ಲಿಸಲಾರದು. ಗಂಟೆಗೆ 22 ಕಿ.ಮೀ. ಎಂದರೆ ಯಾರಿಗೂ ವೇಗ ಅನಿಸುವುದಿಲ್ಲ. ಆಫ್‌ರೋಡ್ ಚಾಲಕರಿಗೆ ಮೊದಲು ಕಲಿಸಬೇಕಾದದ್ದು ಈ ಗುಣಾಕಾರ ಎಂದು ನನ್ನ ಅಭಿಪ್ರಾಯ.

7,000 ಆರ್‌ಪಿಎಂನಲ್ಲಿ ಈ ಫ್ಲೈವೀಲಿನಲ್ಲಿ ಕೂಡಿರುವ ಶಕ್ತಿ 43 ಕಿಲೋಜೂಲ್. 1,200 ಕೆ.ಜಿ. ತೂಕದ ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದು ಗುದ್ದುವಷ್ಟು.

ವೇಗ ಒಂದರಿಂದಲೇ ಒಡೆಯಬೇಕಿತ್ತೇ?

ತಿರುಗುವ ತಟ್ಟೆ ತನ್ನನ್ನು ತಾನೇ ಹೊರಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತ ಹೆಚ್ಚಿರುವುದು ಅಂಚಿನಲ್ಲಲ್ಲ, ನಡುವಿನ ರಂಧ್ರದ ಗೋಡೆಯಲ್ಲಿ. 60 ಮಿ.ಮೀ. ರಂಧ್ರವಿರುವ ಈ ತಟ್ಟೆಗೆ 4,500 ಆರ್‌ಪಿಎಂನಲ್ಲಿ ಅಲ್ಲಿ ಬರುವುದು ಸುಮಾರು 30 ಮೆಗಾಪ್ಯಾಸ್ಕಲ್. ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 7,000ಕ್ಕೆ ಅದು 72. ಬೋಲ್ಟ್ ತೂತಿನ ಅಂಚಿನಲ್ಲಿ ತೂತಿನ ಕಾರಣಕ್ಕೇ ಎಳೆತ ಹೆಚ್ಚುತ್ತದೆ, 7,000ದಲ್ಲಿ ಅದು 150ರ ಆಸುಪಾಸು. ಬೀಡು ಒಳ್ಳೆಯ ದರ್ಜೆಯದಾದರೆ 200ರಿಂದ 250 ಮೆಗಾಪ್ಯಾಸ್ಕಲ್‌ವರೆಗೆ ತಡೆಯುತ್ತದೆ. ಬಿಗಿಯಾಗಿ ಸಾಗುವ ಲೆಕ್ಕ, ಆದರೂ ಗಟ್ಟಿಯಾಗಿರುವ ಹೊಸ ಫ್ಲೈವೀಲ್ ಅವತ್ತು ಒಡೆಯಬೇಕಾಗಿರಲಿಲ್ಲ.

ಬಿರುಕು ಸೇರಿದರೆ ಲೆಕ್ಕವೇ ಬೇರೆ. ಬಿರುಕಿನ ತುದಿಯಲ್ಲಿ ಎಳೆತ ಎಷ್ಟು ತೀವ್ರ ಎಂಬುದು ಬಿರುಕಿನ ಉದ್ದದ ಮೇಲೂ ಸುತ್ತಲಿನ ಎಳೆತದ ಮೇಲೂ ನಿಂತಿದೆ. ಅದಕ್ಕೊಂದು ಅಳತೆಯಿದೆ, ಮೆಗಾಪ್ಯಾಸ್ಕಲ್ ರೂಟ್ ಮೀಟರ್. ಬೀಡು ಸುಮಾರು 15ರಿಂದ 18ರವರೆಗೆ ತಾಳುತ್ತದೆ. ಅದನ್ನು ದಾಟಿದರೆ ಬಿರುಕು ನಿಲ್ಲುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚು ಮುಟ್ಟುತ್ತದೆ. ನಮ್ಮ 50 ಮಿ.ಮೀ. ಬಿರುಕಿಗೆ 4,500 ಆರ್‌ಪಿಎಂನಲ್ಲಿ ಬರುವುದು 9. ಆದ್ದರಿಂದಲೇ ಅದು ಸುಮ್ಮನೆ ತಿರುಗುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. 5,800ರಿಂದ 6,400ರ ನಡುವೆ ಎಲ್ಲೋ ಅದು ಮಿತಿ ದಾಟುತ್ತದೆ. ಇಳಿಜಾರು ಕೊಟ್ಟದ್ದು 7,000.

ಹೀಗೆ ಪ್ರಶ್ನೆ ಎರಡಾಯಿತು: ಬಿರುಕು ಹುಟ್ಟದಂತೆ ಏನು ಮಾಡಬೇಕು, ಹುಟ್ಟಿದ ಬಿರುಕು ಓಡದಂತೆ ಏನು ಮಾಡಬೇಕು. "ಗಟ್ಟಿ ಮಾಡಿ" ಎಂಬ ಒಂದು ಮಾತು ಎರಡಕ್ಕೂ ಉತ್ತರವಾಗುವುದಿಲ್ಲ.

ಬಿಸಿ ಎಲ್ಲಿಂದ ಬಂತು

ಬಂಡೆ ಹತ್ತುವಾಗ ಚಾಲಕರು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಆಡಿಸುತ್ತಾರೆ. ಎಂಜಿನ್ 300 ನ್ಯೂಟನ್ ಮೀಟರ್ ಕೊಡುತ್ತಿದ್ದು ಕ್ಲಚ್ 1,400 ಆರ್‌ಪಿಎಂನಷ್ಟು ಜಾರುತ್ತಿದ್ದರೆ, ಅಲ್ಲಿ ಬಿಸಿಯಾಗಿ ಹೋಗುವುದು 44 ಕಿಲೋವ್ಯಾಟ್. ಕ್ಲಚ್ ಪ್ಲೇಟಿನ ಲೈನಿಂಗ್ ಬಿಸಿಯನ್ನು ಒಳಬಿಟ್ಟುಕೊಳ್ಳುವ ವಸ್ತುವಲ್ಲ. ಹಾಗಾಗಿ ಹೆಚ್ಚುಕಡಿಮೆ ಅರ್ಧ ಫ್ಲೈವೀಲಿಗೆ, ಇನ್ನರ್ಧ ಕ್ಲಚ್ ಪ್ಲೇಟನ್ನು ಆಚೆ ಬದಿಯಿಂದ ಒತ್ತುವ ಪ್ರೆಷರ್ ಪ್ಲೇಟಿಗೆ.

ಐದು ಸೆಕೆಂಡು ಹೀಗೆ ಜಾರಿಸಿದರೆ ಫ್ಲೈವೀಲಿಗೆ ಬೀಳುವ ಬಿಸಿ 110 ಕಿಲೋಜೂಲ್. ಇಡೀ ಹದಿನಾಲ್ಕು ಕೆ.ಜಿ.ಗೆ ಹಂಚಿದರೆ ಬರೀ 16 ಡಿಗ್ರಿ ಏರಿಕೆ, ಏನೂ ಅಲ್ಲ. ಆದರೆ ಹಂಚಿಕೊಳ್ಳುವುದಕ್ಕೆ ಸಮಯ ಬೇಕು. ಐದು ಸೆಕೆಂಡಿನಲ್ಲಿ ಬಿಸಿ ಬೀಡಿನೊಳಗೆ ಇಳಿಯುವುದು 8 ಮಿ.ಮೀ. ಚಿಲ್ಲರೆ. ಆದ್ದರಿಂದ ಮುಖದ ಮೇಲ್ಮೈ 140 ಡಿಗ್ರಿ ಏರುತ್ತದೆ, ಅದೂ ಇಡೀ ಮುಖ ಸಮನಾಗಿ ಕೂತಿದ್ದರೆ. ಮುಖ ಒಮ್ಮೆ ಸೊಟ್ಟಗಾಗಿ ಮೂರನೇ ಒಂದು ಭಾಗದಲ್ಲಿ ಮಾತ್ರ ಉಜ್ಜಿದರೆ ಅದೇ 420 ಡಿಗ್ರಿ. ಒಂದೇ ಏರಿನಲ್ಲಿ ಇದನ್ನು ಮತ್ತೆ ಮತ್ತೆ ಮಾಡಿದರೆ ನೀಲಿ ಕಲೆಗಳು ಎಲ್ಲಿಂದ ಬಂದವು ಎಂದು ಕೇಳಬೇಕಾಗಿಲ್ಲ.

ಕಾದ ಮೇಲ್ಮೈ ಹಿಗ್ಗಬೇಕೆನ್ನುತ್ತದೆ, ಹಿಂದಿನ ತಣ್ಣನೆಯ ಲೋಹ ಬಿಡುವುದಿಲ್ಲ. 400 ಡಿಗ್ರಿಯ ವ್ಯತ್ಯಾಸಕ್ಕೆ, ಬೀಡು ಎಲ್ಲೂ ಮಣಿಯಲಿಲ್ಲ ಎಂದುಕೊಂಡು ಲೆಕ್ಕ ಹಾಕಿದರೆ ಒತ್ತಡ 650 ಮೆಗಾಪ್ಯಾಸ್ಕಲ್ ಬರುತ್ತದೆ. ತಿರುಗುವಿಕೆಯಿಂದ ಬಂದ 30ರ ಪಕ್ಕ ಇದನ್ನಿಟ್ಟು ನೋಡಿ. ಬೀಡು ಮಣಿಯದೆ ಇರುವುದಿಲ್ಲ. ಕಾದಿರುವಾಗಲೇ ಮೇಲ್ಪದರ ಕುಗ್ಗಿ ಕೂರುತ್ತದೆ. ಆಮೇಲೆ ತಣ್ಣಗಾದಾಗ ಅದೇ ಪದರಕ್ಕೆ ಅಳತೆ ಸಾಲದೆ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಅಂದರೆ ಬಿರುಕು ಹುಟ್ಟುವುದು ಕ್ಲಚ್ ಕಾದಾಗಲ್ಲ, ಆರಿದಾಗ. ಕಾದ ಕ್ಲಚ್ಚಿನೊಂದಿಗೆ ಹಳ್ಳಕ್ಕಿಳಿದು, ನೀರು ಒಳಬರದಂತೆ ಬೆಲ್ ಹೌಸಿಂಗ್‌ನ ತೂತು ಮುಚ್ಚುವ ವೇಡಿಂಗ್ ಪ್ಲಗ್ ಹಾಕುವುದನ್ನು ಮರೆತಿದ್ದರಂತೂ ಆರುವುದು ಇನ್ನೂ ಬೇಗ.

ದಪ್ಪ ಯಾಕೆ ಬೇಡ

ಈಗ ಮೆಕ್ಯಾನಿಕ್ ಹೇಳಿದ ಹತ್ತು ಮಿಲಿಮೀಟರಿಗೆ ಬರೋಣ. ತಟ್ಟೆ ದಪ್ಪವಾದಷ್ಟೂ ಗಟ್ಟಿ ಎಂಬುದು ಎಲ್ಲರ ಊಹೆ. ತಿರುಗುವ ತಟ್ಟೆಗೆ ಅದು ಅನ್ವಯಿಸುವುದಿಲ್ಲ. ದಪ್ಪ ಎರಡು ಪಟ್ಟಾದರೆ ಎಳೆತವನ್ನು ಹೊರುವ ಲೋಹವೂ ಎರಡು ಪಟ್ಟು, ಎಳೆಯುವ ಭಾರವೂ ಎರಡು ಪಟ್ಟು, ಎಳೆತ ಇದ್ದಷ್ಟೇ. ಸೂತ್ರದಲ್ಲಿ ಸಾಂದ್ರತೆ ಇದೆ, ವೇಗ ಇದೆ, ತ್ರಿಜ್ಯ ಇದೆ, ದಪ್ಪ ಎಂಬ ಅಕ್ಷರವೇ ಇಲ್ಲ. ಬಿಸಿಯ ವಿಚಾರದಲ್ಲೂ ಐದು ಸೆಕೆಂಡಿನಲ್ಲಿ 8 ಮಿ.ಮೀ. ಮಾತ್ರ ಇಳಿಯುವಾಗ ಹಿಂದೆ ಇನ್ನೂ ಹತ್ತು ಮಿ.ಮೀ. ಇದ್ದರೇನು, ಬಿಟ್ಟರೇನು. ಪದೇ ಪದೇ ಜಾರಿಸಿದಾಗ ಒಟ್ಟು ಬಿಸಿ ಸ್ವಲ್ಪ ನಿಧಾನ ಏರುತ್ತದೆ, ಅಷ್ಟು ಲಾಭ ಒಪ್ಪಿಕೊಳ್ಳೋಣ.

ಇನ್ನು ಭಾರವಿದ್ದರೆ ಎಂಜಿನ್ ಬಂದ್ ಬೀಳುವುದಿಲ್ಲ ಎಂಬ ಮಾತು. ಹಳೆಯ ಫ್ಲೈವೀಲಿನ ಜಡತ್ವ 0.16 ಕೆ.ಜಿ. ಮೀಟರ್ ವರ್ಗ. 1,000 ಆರ್‌ಪಿಎಂನಿಂದ 700ಕ್ಕೆ ಕುಸಿಯುವಾಗ ಅದು ಬಿಟ್ಟುಕೊಡುವ ಶಕ್ತಿ 450 ಜೂಲ್. ಜಡತ್ವವನ್ನು ಒಂದೂವರೆ ಪಟ್ಟು ಮಾಡಿದರೆ 670. ಹೆಚ್ಚು ಸಿಕ್ಕಿದ್ದು 220 ಜೂಲ್. ಅದೇ ವೇಗದಲ್ಲಿ 150 ನ್ಯೂಟನ್ ಮೀಟರ್ ಕೊಡುವ ಎಂಜಿನ್ ಒಂದು ಸುತ್ತಿಗೆ 940 ಜೂಲ್ ಕೆಲಸ ಮಾಡುತ್ತದೆ. ಅಂದರೆ ಅಷ್ಟೆಲ್ಲ ಭಾರ ಹೊತ್ತು ಗಳಿಸಿದ್ದು ಕಾಲು ಸುತ್ತಿನ ಕೆಲಸ. ಚಕ್ರ ಬಂಡೆಯ ಅಂಚು ಹತ್ತುವ ಆ ಒಂದು ಕ್ಷಣಕ್ಕೆ ಕಾಲು ಸುತ್ತೂ ಉಪಯೋಗಕ್ಕೆ ಬರುತ್ತದೆ ಎಂದು ವಾದಿಸಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆ ಕ್ರ್ಯಾಂಕ್ ತೆರಬೇಕು. ಫ್ಲೈವೀಲ್ ಭಾರವಾದಂತೆ ಕ್ರ್ಯಾಂಕಿನ ತಿರುಚು ಕಂಪನದ ಸ್ಥಿರಬಿಂದು ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಕೊನೆಯ ಜರ್ನಲ್ಲಿನ (ಬೇರಿಂಗಿನಲ್ಲಿ ಕೂರುವ ಭಾಗದ) ಬಳಿ ತಿರುಚು ಹೆಚ್ಚುತ್ತದೆ. ಎಂಜಿನ್ ತಯಾರಕರು ಈ ಕಂಪನ ತಗ್ಗಿಸುವ ಮುಂದಿನ ಡ್ಯಾಂಪರ್ ಹೊಂದಿಸಿದ್ದು ಹಳೆಯ ಜಡತ್ವಕ್ಕೆ. ಅದನ್ನು ಒಂದೂವರೆ ಪಟ್ಟು ಮಾಡಿ, ಮುರಿದ ಫ್ಲೈವೀಲಿನ ಬದಲಿಗೆ ಮುರಿದ ಕ್ರ್ಯಾಂಕ್ ಪಡೆಯುವುದರಲ್ಲಿ ಅರ್ಥವಿಲ್ಲ.

ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿದರೆ ಉಕ್ಕಿನ ಸಾಂದ್ರತೆಯಿಂದಲೇ ಜಡತ್ವ 0.174 ಆಗುತ್ತದೆ, ಶೇಕಡ 9 ಹೆಚ್ಚು. ಅಲ್ಲಿಗೇ ನಿಲ್ಲಿಸಿದೆವು. ಹಗುರ ಅಲ್ಯೂಮಿನಿಯಂ ಫ್ಲೈವೀಲಿನ ಪ್ರಸ್ತಾಪವೂ ಬಂದಿತ್ತು. ರಸ್ತೆ ರೇಸಿನವರಿಗೆ ಅದು ಸರಿ. ಆಮೆವೇಗದಲ್ಲಿ ಬಂಡೆ ಹತ್ತುವ ವಾಹನಕ್ಕಲ್ಲ.

ಯಾವ ಲೋಹ

ಆಯ್ಕೆಗೆ ಬಂದದ್ದು ಮೂರು. ಡಕ್ಟೈಲ್ ಐರನ್, ಅಂದರೆ ಗ್ರಾಫೈಟ್ ಪದರಗಳ ಬದಲು ಗುಂಡು ಗುಂಡಾಗಿರುವ ಬೀಡು. ಆಮೇಲೆ ಸಿ45ನಂಥ ಮಧ್ಯಮ ಕಾರ್ಬನ್ ಉಕ್ಕು. ಮೂರನೆಯದು ಕ್ರೋಮಿಯಂ ಮಾಲಿಬ್ಡಿನಮ್ ಇರುವ ಉಕ್ಕು, ಇಎನ್19.

ಡಕ್ಟೈಲ್ ಐರನ್ ಕಾಗದದ ಮೇಲೆ ಆಕರ್ಷಕ. ಗ್ರೇ ಐರನ್ನಿಗಿಂತ ಎರಡು ಪಟ್ಟು ಬಲ, ಎರಕ ಹೊಯ್ಯುವುದೂ ಸುಲಭ. ಆದರೆ ಕ್ಲಚ್ ಮುಖದ ದೃಷ್ಟಿಯಿಂದ ನೋಡಿ. ಗ್ರೇ ಐರನ್ನಿನ ಗ್ರಾಫೈಟ್ ಪದರಗಳು ಬಿಸಿ ಸಾಗುವುದಕ್ಕೆ ದಾರಿಯಾಗುತ್ತವೆ. ಗುಂಡುಗಳಾದಾಗ ಆ ದಾರಿ ಕಡಿದುಹೋಗುತ್ತದೆ. ಉಷ್ಣವಾಹಕತೆ 50ರಿಂದ 35ರ ಸುಮಾರಿಗೆ ಇಳಿಯುತ್ತದೆ. ಇನ್ನೊಂದು ಕಡೆ ಅದರ ಬಿಗಿತ ಒಂದೂವರೆ ಪಟ್ಟು, ಅಂದರೆ ಅಷ್ಟೇ ಬಿಸಿಗೆ ಒಂದೂವರೆ ಪಟ್ಟು ಒತ್ತಡ. ಗಳಿಸಿದ ಬಲವನ್ನೆಲ್ಲ ಬಿಸಿ ತಿಂದುಹಾಕುತ್ತದೆ. ಬಲವನ್ನೂ ವಾಹಕತೆಯನ್ನೂ ಗುಣಿಸಿ, ಬಿಗಿತ ಮತ್ತು ಹಿಗ್ಗುವಿಕೆಯಿಂದ ಭಾಗಿಸಿದರೆ ಸಿಗುವ ಅಂಕಿ ಎರಡೂ ಬೀಡಿಗೆ ಹೆಚ್ಚುಕಡಿಮೆ ಒಂದೇ. ವಾಹನ ತಯಾರಕರು ಇವತ್ತಿಗೂ ಗ್ರೇ ಐರನ್ ಬಿಡದೆ ಇರುವುದು ಜಿಪುಣತನಕ್ಕಲ್ಲ.

ಉಕ್ಕು ಈ ಲೆಕ್ಕದಲ್ಲಿ ಮೇಲುಗೈ ಪಡೆಯುತ್ತದೆ, ಆದರೆ ಭಾರೀ ಅಂತರದಿಂದಲ್ಲ. ಸಿ45 ಸ್ವಲ್ಪ ಉತ್ತಮ, ಹದ ಮಾಡಿದ ಇಎನ್19 ಸುಮಾರು ಒಂದೂವರೆ ಪಟ್ಟು. ಅಂದರೆ ಉಕ್ಕಿನ ಮುಖದ ಮೇಲೂ ಕೂದಲೆಳೆ ಬಿರುಕುಗಳು ಬರುತ್ತವೆ, ತಡವಾಗಿ ಬರುತ್ತವೆ ಅಷ್ಟೆ. ಇದನ್ನು ಮಾಲೀಕರಿಗೆ ಮುಂಚೆಯೇ ಹೇಳಿದೆವು. ಉಕ್ಕು ಗೆಲ್ಲುವುದು ಎರಡನೆಯ ಪ್ರಶ್ನೆಯಲ್ಲಿ. ಬೀಡು 15ರಿಂದ 18 ತಾಳುವ ಕಡೆ ಹದ ಮಾಡಿದ ಇಎನ್19 ಎಂಬತ್ತಕ್ಕೂ ಹೆಚ್ಚು ತಾಳುತ್ತದೆ. ಅದೇ 50 ಮಿ.ಮೀ. ಬಿರುಕು ಇದ್ದರೂ 7,000 ಆರ್‌ಪಿಎಂನಲ್ಲಿ ಅದಕ್ಕೆ ಬರುವುದು 23. ಬಿರುಕು ಬಿಟ್ಟ ಉಕ್ಕಿನ ಫ್ಲೈವೀಲ್ ಚಾಲಕರ ಒಂದು ತಪ್ಪನ್ನು ಸಹಿಸಿಕೊಳ್ಳುತ್ತದೆ. ನಾವು ಉಕ್ಕು ಆರಿಸಿದ್ದು ಈ ಒಂದು ಕಾರಣಕ್ಕೆ. 'ಟಿ' ಹದ, ಬಲ 850ರಿಂದ 1,000 ಮೆಗಾಪ್ಯಾಸ್ಕಲ್, ಗಡಸುತನ 248ರಿಂದ 302 ಬ್ರಿನೆಲ್. ಅದಕ್ಕಿಂತ ಗಡುಸು ಮಾಡಿದರೆ ಬಲ ಏರುತ್ತದೆ, ಬಿರುಕು ತಾಳುವ ಗುಣ ಇಳಿಯುತ್ತದೆ. ನಮಗೆ ಬೇಕಾದ್ದು ಎರಡನೆಯದು.

ಉಕ್ಕನ್ನು ಎಲ್ಲಿಂದ ಕತ್ತರಿಸುತ್ತೀರಿ ಎಂಬುದೂ ಮುಖ್ಯ, ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ದಪ್ಪ ತಗಡಿನಿಂದ ವೃತ್ತ ಕತ್ತರಿಸಿದರೆ, ರೋಲಿಂಗ್ ಮಾಡುವಾಗ ತಗಡಿನ ನಡುಪದರದಲ್ಲಿ ಉಳಿದ ಕಲ್ಮಶ ಇಡೀ ತಟ್ಟೆಯ ಹೊಟ್ಟೆಯಲ್ಲಿ ಹಾಸಿಕೊಂಡಿರುತ್ತದೆ. ದುಂಡು ಸರಳಿನಿಂದ ಬಿಲ್ಲೆ ಕತ್ತರಿಸಿದರೆ ಕಲ್ಮಶ ನಟ್ಟನಡುವೆ ಇರುತ್ತದೆ, ರಂಧ್ರ ಕೊರೆದಾಗ ಬಹುಪಾಲು ಹೋಗಿಬಿಡುತ್ತದೆ. ಬಡಿದು ರೂಪಿಸಿದ ಫೋರ್ಜಿಂಗ್ ಎಲ್ಲಕ್ಕಿಂತ ಮೇಲು. ನಾವು ಫೋರ್ಜಿಂಗ್ ಹಿಡಿದೆವು, ಹದವಾದ ಮೇಲೆ ಅಲ್ಟ್ರಾಸಾನಿಕ್ ಪರೀಕ್ಷೆ, ಆಮೇಲಷ್ಟೇ ಲೇತಿಗೆ.

ಆಕಾರದಲ್ಲಿ ಮಾಡಿದ ಬದಲಾವಣೆ

ಕ್ಲಚ್ ಮುಖದ ಒಳ ಅಂಚಿಗೂ ಬೋಲ್ಟ್ ವೃತ್ತಕ್ಕೂ ನಡುವೆ 6 ಮಿ.ಮೀ. ಆಳದ ಒಂದು ವೃತ್ತಾಕಾರದ ತೋಡು ತೆಗೆದೆವು, ತಳದಲ್ಲಿ 4 ಮಿ.ಮೀ. ತ್ರಿಜ್ಯದ ದುಂಡು. ಹಳೆಯ ಫ್ಲೈವೀಲಿನಲ್ಲಿ ಮುಖದ ಬಿರುಕು ಒಳಕ್ಕೆ ತೆವಳಿ ಬೋಲ್ಟ್ ತೂತು ಸೇರಿಕೊಂಡಿತ್ತಲ್ಲ, ಆ ದಾರಿಗೆ ಇದು ಅಡ್ಡ. ಎರಡು ಮೂರು ಮಿ.ಮೀ. ಆಳದ ಬಿರುಕು ತೋಡಿನ ಗೋಡೆಗೆ ಬಂದು ಮುಗಿಯುತ್ತದೆ, ಅದರಾಚೆ ಹೋಗಲು ಮೇಲ್ಮೈಯೇ ಇಲ್ಲ. ಜೊತೆಗೆ ಬಿಸಿ ನಡುಭಾಗಕ್ಕೆ ಬರುವ ದಾರಿ ಕಿರಿದಾಗಿ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲಿಗೂ ನೆಮ್ಮದಿ.

ಬೋಲ್ಟ್ ತೂತುಗಳ ಎರಡೂ ಬದಿಯ ಅಂಚು ದುಂಡಗೆ ಮಾಡಿ ಉಜ್ಜಿಸಿದೆವು. ತೂಕ ಇಳಿಸಲೆಂದು ಕೊರೆಯುವ ಅಲಂಕಾರದ ತೂತುಗಳು ಒಂದೂ ಇಲ್ಲ. ಪ್ರತಿ ತೂತಿನ ಅಂಚಿನಲ್ಲೂ ಎಳೆತ ಸುಮಾರು ಮೂರು ಪಟ್ಟು, ಚೆಂದಕ್ಕಾಗಿ ಅದನ್ನು ಆಹ್ವಾನಿಸುವುದು ಯಾಕೆ?

ಕ್ರ್ಯಾಂಕಿಗೆ ಕೂರಿಸುವ ಎಂಟು ಎಂ10 ಬೋಲ್ಟುಗಳನ್ನು ಬದಲಿಸುವಂತಿರಲಿಲ್ಲ. 10.9 ದರ್ಜೆಯ ಬೋಲ್ಟು ತಲಾ 45 ಕಿಲೋನ್ಯೂಟನ್ ಬಿಗಿತ ಕೊಟ್ಟರೆ, ಘರ್ಷಣೆಯಿಂದಲೇ 2,100 ನ್ಯೂಟನ್ ಮೀಟರಿಗೂ ಹೆಚ್ಚು ಹಿಡಿಯುತ್ತದೆ. ಉರಿತದ ಹೊಡೆತದಲ್ಲಿ ಟಾರ್ಕ್ ಸರಾಸರಿಯ ಮೂರ್ನಾಲ್ಕು ಪಟ್ಟು ಏರಿದರೂ ಸಾಕು. ಶರತ್ತು ಒಂದೇ: ಎರಡು ಮುಖಗಳ ನಡುವೆ ಎಣ್ಣೆಯಾಗಲಿ ಬಣ್ಣವಾಗಲಿ ಇರಬಾರದು, ಹಳೆಯ ಬೋಲ್ಟು ಮತ್ತೆ ಹಾಕಬಾರದು. ಡೋವೆಲ್ ಪಿನ್ ಇರುವುದು ಜಾಗಕ್ಕೆ ಕೂರಿಸಲು, ಟಾರ್ಕ್ ಹೊರಲು ಅಲ್ಲ.

ರಿಂಗ್ ಗೇರು

ಇದು ಸಣ್ಣ ವಿಷಯ ಎಂದುಕೊಂಡಿದ್ದವರೇ ಹೆಚ್ಚು ಹೊತ್ತು ಚರ್ಚಿಸಿದ್ದು. ಉಕ್ಕಿನ ದೇಹದಲ್ಲೇ ಹಲ್ಲು ಕೊಯ್ಯಬಹುದಿತ್ತು. ಆದರೆ ಕೆಸರು ಕುಡಿದ ಸ್ಟಾರ್ಟರ್ ಹಲ್ಲು ತಿನ್ನುವುದು ನಿಶ್ಚಿತ, ಆಗ ಇಡೀ ಫ್ಲೈವೀಲ್ ಎಸೆಯಬೇಕು. ಬೇರೆ ರಿಂಗನ್ನೇ ಕಾಯಿಸಿ ಕೂರಿಸುವುದೆಂದು ತೀರ್ಮಾನವಾಯಿತು.

ಕಷ್ಟ ಏನೆಂದರೆ, ತೆಳ್ಳನೆಯ ರಿಂಗ್ ವೇಗಕ್ಕೆ ದೇಹಕ್ಕಿಂತ ಹೆಚ್ಚು ಹಿಗ್ಗುತ್ತದೆ. 290 ಮಿ.ಮೀ. ವ್ಯಾಸದಲ್ಲಿ 9,000 ಆರ್‌ಪಿಎಂಗೆ ರಿಂಗ್ ತಾನೇ 0.20 ಮಿ.ಮೀ. ಹಿಗ್ಗಿದರೆ ದೇಹ 0.05 ಹಿಗ್ಗುತ್ತದೆ. ವ್ಯತ್ಯಾಸ 0.15. ಕೂರಿಸುವಾಗ ಇಟ್ಟ ಬಿಗಿ ಅದಕ್ಕಿಂತ ಕಡಿಮೆಯಿದ್ದರೆ ಆ ವೇಗದಲ್ಲಿ ರಿಂಗ್ ಸಡಿಲ. ಹಾಗೆಂದು ಬಿಗಿ ಎಷ್ಟು ಬೇಕಾದರೂ ಏರಿಸುವಂತಿಲ್ಲ, ಏಕೆಂದರೆ ಕ್ಲಚ್ ಕಾದಾಗ ದೇಹ ರಿಂಗಿಗಿಂತ ಮೊದಲು ಬಿಸಿಯಾಗಿ ಅದನ್ನು ಒಳಗಿನಿಂದ ತಳ್ಳುತ್ತದೆ. 60 ಡಿಗ್ರಿ ವ್ಯತ್ಯಾಸಕ್ಕೇ 0.20 ಮಿ.ಮೀ. ಕೊನೆಗೆ 0.40 ಮಿ.ಮೀ. ಇಟ್ಟೆವು. ಕೂರಿಸಲು ರಿಂಗನ್ನು ಒಲೆಯಲ್ಲಿ ಸಮನಾಗಿ 200 ಡಿಗ್ರಿಗೆ ಕಾಯಿಸಿದರೆ ಸಾಕು. ಗ್ಯಾಸ್ ಟಾರ್ಚಿನಲ್ಲಿ ಒಂದೇ ಕಡೆ ನೀಲಿಗಟ್ಟುವವರೆಗೆ ಕಾಯಿಸುವ ಅಭ್ಯಾಸ ಹಲ್ಲಿನ ಹದವನ್ನು ಕೆಡಿಸುತ್ತದೆ.

ಸಮತೋಲನ, ಪರೀಕ್ಷೆ

ಸಮತೋಲನಕ್ಕೆ ಐಎಸ್‌ಒ 21940ರ ಜಿ 2.5 ದರ್ಜೆ. ಈ ತೂಕಕ್ಕೆ 4,500 ಆರ್‌ಪಿಎಂನಲ್ಲಿ ಅದರ ಅರ್ಥ, ಅಂಚಿನಲ್ಲಿ ಅರ್ಧ ಗ್ರಾಮಿನ ಆಸುಪಾಸಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕ್ಲಚ್ ಕವರ್ ಇಲ್ಲದೆ ಒಮ್ಮೆ, ಕವರ್ ಸೇರಿಸಿ ಇನ್ನೊಮ್ಮೆ. ಸರಿಪಡಿಸಲು ಕೊರೆದ ಕುಳಿಗಳು ಹಿಂಬದಿಯ ಅಂಚಿನ ಬಳಿ ಮಾತ್ರ, ದುಂಡು ತುದಿಯ ಡ್ರಿಲ್ಲಿನಲ್ಲಿ.

ಆಮೇಲೆ ಸ್ಪಿನ್ ಪರೀಕ್ಷೆ, ಗಾಳಿ ತೆಗೆದ ಉಕ್ಕಿನ ಗುಂಡಿಯೊಳಗೆ 9,000 ಆರ್‌ಪಿಎಂಗೆ. ಈ ಅಂಕಿ ಎಲ್ಲಿಂದ ಬಂತು? ವಾಹನ ಲೋ ರೇಂಜಿನ ಮೊದಲ ಗೇರಿನಲ್ಲಿ ಗಂಟೆಗೆ 25 ಕಿ.ಮೀ. ಮುಟ್ಟಿದರೆ ಸುಮಾರು 7,900 ಆಗುತ್ತದೆ. ಅದರ ಮೇಲೆ ಒಂದಿಷ್ಟು ಅಂತರ. 9,000ದಲ್ಲಿ ರಂಧ್ರದ ಗೋಡೆಯ ಎಳೆತ 130 ಮೆಗಾಪ್ಯಾಸ್ಕಲ್, ಬೋಲ್ಟ್ ತೂತಿನ ಅಂಚಿನಲ್ಲಿ 280ರ ಹತ್ತಿರ, ಉಕ್ಕು ಮಣಿಯುವ ಮಿತಿಗಿಂತ ಬಹಳ ಕೆಳಗೆ. ಒಡೆಯಲಿಲ್ಲ ಎಂಬುದಷ್ಟೇ ಪಾಸಾಗುವುದಕ್ಕೆ ಸಾಲದು. ಪರೀಕ್ಷೆಗೆ ಮುಂಚೆ ಮತ್ತು ನಂತರ ರಂಧ್ರದ ವ್ಯಾಸ ಅಳೆದು, ಅಳತೆ ಹಿಂದಿರುಗಿದೆಯೇ ಎಂದು ನೋಡಬೇಕು. ಹಿಂದಿರುಗಿತ್ತು. ರಿಂಗ್ ಗೇರೂ ದೇಹವೂ ಕೂಡುವ ಕಡೆ ಹಾಕಿದ್ದ ಬಣ್ಣದ ಗೆರೆ ಕದಲಿರಲಿಲ್ಲ. ಮೋಟರ್ ರೇಸಿನವರು ಬದಲಿ ಫ್ಲೈವೀಲಿಗೆ ಅಮೆರಿಕದ ಎಸ್‌ಎಫ್‌ಐ 1.1 ಪ್ರಮಾಣಪತ್ರ ಕೇಳುತ್ತಾರೆ. ಒಂದೇ ವಾಹನಕ್ಕೆಂದು ಮಾಡಿದ ಈ ಬಿಡಿಭಾಗಕ್ಕೆ ಅದರ ಅಗತ್ಯ ಬರಲಿಲ್ಲ, ಆದರೆ ಸ್ಪರ್ಧೆಗೆ ಇಳಿಸುವವರು ಅದನ್ನು ಕೇಳಿಯೇ ಕೊಳ್ಳಬೇಕು.

ಕ್ಲಚ್ ಪ್ಲೇಟ್ ಈಗ ಸಾಲಿನಲ್ಲಿ ಮುಂದಿದೆ. ಇಳಿಜಾರಿನಲ್ಲಿ ಕ್ಲಚ್ ಒತ್ತಿ ಹಿಡಿದಾಗ ಎಂಜಿನ್ ಐಡಲ್‌ನಲ್ಲಿರುತ್ತದೆ, ಫ್ಲೈವೀಲೂ ನಿಧಾನ. ಆದರೆ ಗೇರ್‌ಬಾಕ್ಸಿಗೆ ಕಚ್ಚಿಕೊಂಡಿರುವ ಕ್ಲಚ್ ಪ್ಲೇಟ್ ಮಾತ್ರ ಅದೇ 7,000ದಲ್ಲಿ ಸುತ್ತುತ್ತಿರುತ್ತದೆ. ಅದರ ಲೈನಿಂಗ್ ಕಿತ್ತು ಚೂರಾಗುವುದು ಆಫ್‌ರೋಡಿನಲ್ಲಿ ಹೊಸದಲ್ಲ. ಹಾಗಾಗಿ ತಯಾರಕರು ಸಿಡಿಯುವ ವೇಗವನ್ನು ಬರೆದುಕೊಟ್ಟ ಪ್ಲೇಟನ್ನೇ ಹಾಕಿಸಿದೆವು, ಬೆಲ್ ಹೌಸಿಂಗ್ ಸುತ್ತ ಉಕ್ಕಿನ ಕವಚವನ್ನೂ. ಸಿರಾಮಿಕ್ ಪ್ಯಾಡಿನ ಕ್ಲಚ್ ಬೇಡವೆಂದೆವು. ಅದು ಬಿಸಿಗೆ ಜಗ್ಗುವುದಿಲ್ಲ ನಿಜ, ಆದರೆ ಉಜ್ಜುವುದು ಕೆಲವೇ ತುಣುಕುಗಳ ಮೇಲಾದ್ದರಿಂದ ಆ ಬಿಸಿಯನ್ನೆಲ್ಲ ಮುಖದ ಕಿರಿದಾದ ಜಾಗಕ್ಕೆ ತುರುಕುತ್ತದೆ. ನಿಜವಾದ ಮದ್ದು ಗೇರಿನಲ್ಲಿದೆ: ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ ಇನ್ನೂ ನಿಧಾನದ್ದಾದರೆ ಬಂಡೆಯ ಮೇಲೆ ಕ್ಲಚ್ ಜಾರಿಸುವ ಅಗತ್ಯವೇ ಕಡಿಮೆಯಾಗುತ್ತದೆ. ಅದೇ ಬದಲಾವಣೆ ಇಳಿಜಾರಿನ ಗುಣಾಕಾರವನ್ನು ಇನ್ನೂ ಅಪಾಯಕಾರಿ ಮಾಡುತ್ತದೆ ಎಂಬುದನ್ನೂ ಹೇಳಿದೆವು. ಮಾಲೀಕರು ಇನ್ನೂ ಯೋಚಿಸುತ್ತಿದ್ದಾರೆ.

ಮುಂದೆ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ ಹೊಸ ಮುಖದ ಮೇಲೂ ಸಣ್ಣ ಗೆರೆಗಳು ಮೂಡಿದ್ದವು. ಬಿರುಕಿಗಿಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ, ಡೈ ಪೆನೆಟ್ರಂಟ್ ಹಾಕಿ ನೋಡಿದರೆ ಕೆಂಪು ಗೆರೆಗಳು ಮುಖದ ನಡುವೆ ಮಾತ್ರ, ಒಂದೂ ತೋಡಿನವರೆಗೆ ಬಂದಿರಲಿಲ್ಲ. ಮೆಕ್ಯಾನಿಕ್ ಗ್ರೈಂಡಿಂಗಿಗೆ ಕಳಿಸಲೇ ಎಂದು ಕೇಳಿದರು. ಕಳಿಸಿ, ಆದರೆ ಹೊಸ ಅಳತೆಯಿಂದ ಒಟ್ಟು 1 ಮಿ.ಮೀ.ಗಿಂತ ಹೆಚ್ಚು ತೆಗೆಯುವಂತಿಲ್ಲ, ಗ್ರೈಂಡ್ ಮಾಡಿದ ಮೇಲೂ ಪೆನೆಟ್ರಂಟಿನಲ್ಲಿ ಗೆರೆ ಉಳಿದರೆ ಅಥವಾ ಗೆರೆ ತೋಡನ್ನು ಮುಟ್ಟಿದ್ದರೆ ಮತ್ತೆ ಕೂರಿಸುವಂತಿಲ್ಲ ಎಂದು ಹೇಳಿದೆವು. ಆ ಎರಡು ಸಾಲನ್ನು ಈಗ ನಕ್ಷೆಯಲ್ಲಷ್ಟೇ ಅಲ್ಲ, ಫ್ಲೈವೀಲಿನ ಹಿಂಬದಿಯಲ್ಲೂ ಕೆತ್ತಿಸಿದ್ದೇವೆ.